ಪರ್ಯಾಯ ಫಲಕದ ಮೇಲಿನ ಹೆಸರುಗಳು



ಕ್ರೀಡೆಗೆಂದೇ ಸೇರಿದ ಈ ಕನ್ನಡಿಗರ ಸಮ್ಮೇಳನಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದೀರಿ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದವನಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆಯಿಲ್ಲ. ದೇಶ ದೇಶಗಳ ನಡುವಿನ ಪಂದ್ಯವೊಂದು ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಯಾವಾಗ? ಇವತ್ತು ಇದೊಂದನ್ನೇ ಮಾತಾಡುತ್ತೇನೆ. ರಗ್ಬಿಯವರು ಈಗ ಇದೇ ಪ್ರಶ್ನೆಯನ್ನು ಹಿಡಿದು ಕೂತಿದ್ದಾರೆ. ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮೊದಲು ನವಿ ಮುಂಬಯಿಯಲ್ಲಿರುವ ನಮ್ಮ ನೆರೂಳಿನ ಮಾತು. 2022ರ ಫೆಬ್ರವರಿ 6ರಂದು ಅಲ್ಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ದಕ್ಷಿಣ ಕೊರಿಯಾದ ಎದುರು ಎರಡು ಗೋಲು ಹಿಂದೆ ಬಿದ್ದಿದ್ದ ಚೀನಾ ಕೊನೆಗೆ 3–2ರಿಂದ ಗೆದ್ದಿತು. ಎಂಥ ಪಂದ್ಯ! ಆದರೆ ನಮ್ಮ ಹುಡುಗಿಯರು ಕೋವಿಡ್ ಕಾರಣಕ್ಕೆ ಗುಂಪಿನ ಹಂತದಲ್ಲೇ ಹೊರಬಿದ್ದಿದ್ದರು. ಆ ಫೈನಲಿನ ಮಾತನ್ನು ನಮ್ಮವರ ಮನೆಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಅದೇ ಮೈದಾನ, 2025ರ ಅಕ್ಟೋಬರ್ 30. ಮಂಗಳೂರು ಮೂಲದ ಮನೆಯ ಹುಡುಗಿ ಜೆಮಿಮಾ ರಾಡ್ರಿಗಸ್ ಔಟಾಗದೆ 127 ರನ್ ಹೊಡೆದು ಆಸ್ಟ್ರೇಲಿಯಾವನ್ನು ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನಿಂದ ಹೊರಗೆ ಕಳಿಸಿದಳು. ನವೆಂಬರ್ 2ರಂದು ಫೈನಲ್. ಮಳೆ ಬಂದು ಆಟ ತಡವಾಗಿ ಶುರುವಾಯಿತು. ಯಾರೂ ಎದ್ದು ಹೋಗಲಿಲ್ಲ. ನಮ್ಮವರು 52 ರನ್ನಿನಿಂದ ಗೆದ್ದ ಮೇಲೆ ಆ ಕಪ್ಪನ್ನು ಮಿಥಾಲಿ ರಾಜ್, ಜೂಲನ್ ಗೋಸ್ವಾಮಿಯರ ಕೈಗೂ ಕೊಟ್ಟರು. 2005ರ ಫೈನಲಿನಲ್ಲೂ 2017ರ ಫೈನಲಿನಲ್ಲೂ ಆಡಿ ಸೋತವರು ಅವರು. 2017ರಲ್ಲಿ ಲಾರ್ಡ್ಸ್‌ನಲ್ಲಿ ಸೋತದ್ದು ಬರೀ 9 ರನ್ನಿನಿಂದ. ನನ್ನ ಮುಂದಿನ ಸಾಲಿನಲ್ಲಿ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಇವರಿಗೆ ಅವತ್ತೇ ಸಿಗಬೇಕಿತ್ತು" ಅಂದರು. ಅವರು ನೋಡುತ್ತಿದ್ದದ್ದು ಒಂದು ಪಂದ್ಯವನ್ನಲ್ಲ, ಮೂರನ್ನು.

ನಮ್ಮ ಸಂಘಗಳ ಕಪಾಟುಗಳಲ್ಲಿ ಪರ್ಯಾಯ ಫಲಕಗಳಿವೆಯಲ್ಲ, ಅವನ್ನು ನೆನೆಸಿಕೊಳ್ಳಿ. ಮರದ ಹಲಗೆ, ನಡುವೆ ದೊಡ್ಡ ಬಿಲ್ಲೆ, ಸುತ್ತ ಬೆರಳಗಲದ ತಗಡುಗಳು, ಒಂದೊಂದರ ಮೇಲೂ ಇಸವಿ ಮತ್ತು ಗೆದ್ದ ತಂಡದ ಹೆಸರು. ಈ ವರ್ಷ ಗೆದ್ದವರು ಮೊದಲು ಹುಡುಕುವುದು ಹೋದ ವರ್ಷದ ತಗಡನ್ನು. ಹಿಂದಿನ ಆಟದ ಪಕ್ಕದಲ್ಲಿ ಇವತ್ತಿನ ಆಟಕ್ಕೆ ಜಾಗ ಸಿಕ್ಕಾಗಲೇ ಅದಕ್ಕೆ ತೂಕ ಬರುವುದು.

ದೇಶ ದೇಶಗಳ ನಡುವಿನ ರಗ್ಬಿಯಲ್ಲಿ ಇಂಥ ಅತಿ ಹಳೆಯ ಪಾರಿತೋಷಕ ಹುಟ್ಟಿದ್ದು ನಮ್ಮ ದೇಶದ ಬೆಳ್ಳಿಯಿಂದ. ಕಲ್ಕತ್ತಾದಲ್ಲಿದ್ದ ಇಂಗ್ಲಿಷರ ರಗ್ಬಿ ಕ್ಲಬ್ಬು ಆಡುವವರಿಲ್ಲದೆ ಮುಚ್ಚುವ ಹೊತ್ತು ಬಂತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ಪಡೆದು, ಆ 270 ನಾಣ್ಯಗಳನ್ನು ಕರಗಿಸಿ ಕಪ್ ಮಾಡಿಸಿದರು. ಅದರ ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಮೊದಲ ಸಲ ಅದಕ್ಕಾಗಿ ಆಡಿದವು. ಪಂದ್ಯ ಡ್ರಾ ಆಯಿತು. ಕಲ್ಕತ್ತಾ ಕಪ್ ಎಂಬ ಹೆಸರಿನಲ್ಲಿ ಇವತ್ತಿಗೂ ಆ ಎರಡು ದೇಶಗಳು ಅದಕ್ಕಾಗಿ ಸೆಣಸುತ್ತವೆ. ಒಂದು ಕ್ಲಬ್ಬು ಸತ್ತು, ಒಂದೂವರೆ ಶತಮಾನದ ನಂಟನ್ನು ಹುಟ್ಟಿಸಿತು.

ಇನ್ನೊಂದು ಕಡೆ, ಜುಲೈ ಮತ್ತು ನವೆಂಬರಿನಲ್ಲಿ ದೊಡ್ಡ ರಗ್ಬಿ ದೇಶಗಳು ಭೂಗೋಳದ ಆಚೆ ಈಚೆ ಓಡಾಡಿ ಆಡುವ ಪಂದ್ಯಗಳು ಬಹುಕಾಲ ಬಿಡಿಬಿಡಿಯಾಗಿಯೇ ಉಳಿದವು. ಗೆದ್ದರೂ ಮುಂದಿನ ಮೆಟ್ಟಿಲಿಲ್ಲ. ಅದಕ್ಕೇ 2026ರಿಂದ 12 ದೇಶಗಳ ನೇಷನ್ಸ್ ಚಾಂಪಿಯನ್‌ಶಿಪ್ ಎಂದು ಅವನ್ನೆಲ್ಲ ಒಂದೇ ಅಂಕಪಟ್ಟಿಗೆ ಪೋಣಿಸಿದ್ದಾರೆ. ಒಳ್ಳೆಯ ಹೆಜ್ಜೆ. ಆದರೂ ಬರೀ ಅಂಕಪಟ್ಟಿಯಿಂದ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ನಾನು ನಂಬಿದ್ದೇನೆ. ಫಿಜಿಯನ್ನು ನೋಡಿ. 2016ರ ರಿಯೋದಲ್ಲಿ ಏಳು ಜನರ ರಗ್ಬಿಯಲ್ಲಿ ಬ್ರಿಟನ್ನನ್ನು 43–7ರಿಂದ ಸೋಲಿಸಿ ತನ್ನ ಮೊಟ್ಟಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ತಂದಿತು. ಆ ದೇಶ ಅದರ ನೆನಪಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿತು. ಅಲ್ಲಿ ಮಕ್ಕಳು ನಡೆಯಲು ಕಲಿತ ಕೂಡಲೇ ಆ ಆಟ ಆಡುತ್ತಾರೆ.

ನಮ್ಮಲ್ಲಿ ಹಾಗಲ್ಲ. 2025ರ ಜೂನ್‌ನಲ್ಲಿ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ, ಬೆಂಗಳೂರಿನ ಹೆಸರು ಹೊತ್ತ ತಂಡವಿದೆ ಎಂಬ ಅಭಿಮಾನದಿಂದ ಹೋಗಿದ್ದೆ. ಪಕ್ಕದ ಹುಡುಗ ಪ್ರತಿ ಸೀಟಿಗೂ "ಅಂಕಲ್, ಈಗ ಏನಾಯ್ತು?" ಎಂದು ಕೇಳುತ್ತಿದ್ದ. ನಾನು ಕಬಡ್ಡಿಯ ಭಾಷೆಯಲ್ಲಿ ಹೇಳಿದೆ: ಎದುರಾಳಿಯ ಅಂಗಣಕ್ಕೆ ನುಗ್ಗಬೇಕು, ಅವರು ಹಿಡಿಯುತ್ತಾರೆ, ಹಿಡಿತದೊಳಗೇ ಚೆಂಡನ್ನು ಜೊತೆಯವನಿಗೆ ದಾಟಿಸಬೇಕು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಎರಡನೆಯ ಪಂದ್ಯದ ಹೊತ್ತಿಗೆ ಅವನೇ ಹಿಂದಿನವರಿಗೆ ವಿವರಿಸುತ್ತಿದ್ದ!

ಊರಿನ ಹೊನಲು ಬೆಳಕಿನ ಕಬಡ್ಡಿಯಲ್ಲಿ ವೀಕ್ಷಕ ವಿವರಣೆ ಕೊಡುವವರು ಮಾಡುವುದೂ ನೋಡುವವರನ್ನು ಆಟದೊಳಕ್ಕೆ ಎಳೆಯುವ ಇದೇ ಕೆಲಸವನ್ನು. ದಾಳಿಗೆ ಹೊರಟ ಹುಡುಗನ ಮನೆ, ಅವನ ಅಪ್ಪ ಇದೇ ಅಂಗಣದಲ್ಲಿ ಹಾಕಿದ್ದ ಪಟ್ಟು, ಹೋದ ವರ್ಷ ಇವನು ಸಿಕ್ಕಿಬಿದ್ದ ಬಗೆ, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತದೆ. ಪರದೇಶದ ತಂಡ ನೆರೂಳಿಗೆ ಬಂದಾಗ ಕನ್ನಡದಲ್ಲೂ ಮರಾಠಿಯಲ್ಲೂ ಅಂಥ ವಿವರಣೆ ಮೈದಾನದಲ್ಲಿ ಕೇಳಬೇಕು. ಆ ಆಟಗಾರರು ಒಂದು ಬೆಳಿಗ್ಗೆ ಡೊಂಬಿವಲಿಯ, ಕಲ್ಯಾಣದ ಶಾಲೆಗಳ ಮಕ್ಕಳ ಜೊತೆ ಬೆವರು ಹರಿಸಬೇಕು. ಆಟ ಮುಗಿಯುವ ಹೊತ್ತಿಗೆ ಥಾಣೆಗೆ, ಅಲ್ಲಿಂದ ಕಲ್ಯಾಣದ ಕಡೆಗೆ ಲೋಕಲ್ ರೈಲು ಇರಬೇಕು. ಕೊನೆಯ ಗಾಡಿಯ ಚಿಂತೆಯಲ್ಲಿ ಕೂತವನ ಕಣ್ಣು ಗಡಿಯಾರದ ಮೇಲಿರುತ್ತದೆ, ಮೈದಾನದ ಮೇಲಲ್ಲ. ಅಂಥ ಪಂದ್ಯಗಳ ಸಂಘಟಕರಿಗೆ ಈ ಮೂರನ್ನೂ ಸಮ್ಮೇಳನದ ಠರಾವಾಗಿ ಕಳಿಸೋಣ.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸವೂ ಇದೆ. ಕಲ್ಕತ್ತಾ ಕಪ್ಪಿನ ಮರದ ಪೀಠದ ತಗಡುಗಳ ಮೇಲೆ ಗೆದ್ದ ದೇಶದ ಹೆಸರಿನ ಜೊತೆಗೆ ಎರಡೂ ತಂಡಗಳ ನಾಯಕರ ಹೆಸರು ಕೆತ್ತುತ್ತಾರೆ. ಸೋತವನ ಹೆಸರೂ ಅಲ್ಲಿರುತ್ತದೆ, ಅವನ ಮೊಮ್ಮಕ್ಕಳು ಬಂದು ಓದಬಹುದು. ಇವತ್ತು ಸಂಜೆ ನಮ್ಮ ಹುಡುಗಿಯರ ಕಬಡ್ಡಿ ಫೈನಲಿದೆ. ಫಲಕದಲ್ಲಿ ಈ ವರ್ಷದ ತಗಡು ಇನ್ನೂ ಖಾಲಿಯಿದೆ. ಅದರ ಮೇಲೆ ಇಬ್ಬರು ನಾಯಕಿಯರ ಹೆಸರನ್ನೂ ಕೆತ್ತಿಸಬೇಕೆಂದು ಅಧ್ಯಕ್ಷನಾಗಿ ಕೋರುತ್ತೇನೆ. ಕೆತ್ತುವ ಖರ್ಚು ನನ್ನದು.