ಮನೆಯ ಹಳೆಯ ಗಾಡಿಯನ್ನು ದಾನ ಕೊಡುವ ಮುನ್ನ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಭಾಗದ ಸ್ಥಿತಿವಂತರ ಮನೆ ಮುಂದೆ ಬೊಲೆರೊ, ಸ್ಕಾರ್ಪಿಯೊ, ಸುಮೊ ಹೀಗೆ ಒಂದು ದೊಡ್ಡ ಗಾಡಿ ನಿಂತಿರುತ್ತದೆ. ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮೇಲೆ ಅದನ್ನು ಓಡಿಸುವವರಿಲ್ಲ. ನಿಂತಲ್ಲೇ ಬ್ಯಾಟರಿ ಕೆಡುತ್ತದೆ. "ಮಾರಿದರೆ ಏನು ಬಂದೀತು, ಸಂಸ್ಥೆಗೆ ಕೊಟ್ಟುಬಿಡೋಣ" ಎಂಬ ಮಾತು ಆಗ ಹುಟ್ಟುತ್ತದೆ. ಒಳ್ಳೆಯ ಮಾತೇ. ಆದರೆ ನಿಮಗೇ ಭಾರವಾದ ಗಾಡಿ ಸಂಸ್ಥೆಗೆ ಹಗುರವಾಗುವುದು ಹೇಗೆ ಎಂದು ಮೊದಲು ಯೋಚಿಸಿರಿ. ದಾನಕ್ಕೆ ಕೆಟ್ಟ ವಸ್ತುವನ್ನು ಆರಿಸಬಾರದು ಎಂಬ ಕುರ್‌ಆನಿನ ಬೋಧನೆ ನಿಮಗೆ ಗೊತ್ತೇ ಇದೆ.

ಗಾಡಿಯ ಅಗತ್ಯವಂತೂ ಇದೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83; ಇಡೀ ರಾಜ್ಯದಲ್ಲೇ ಕಡಿಮೆ. ಹತ್ತನೆಯ ತರಗತಿಯಾದ ಮೇಲೆ ಹುಡುಗಿಯರ ಓದು ನಿಲ್ಲಲು ಬಡತನದಷ್ಟೇ ಊರಿನ ದೂರವೂ ಕಾರಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾಯಿತು. ಆದರೆ ಪರೀಕ್ಷೆಯ ಬೆಳಿಗ್ಗೆ ಬಸ್ಸೇ ಬಾರದ ಹಳ್ಳಿಯ ಹುಡುಗಿ ಏನು ಮಾಡಬೇಕು? ಶಹಾಪುರ, ಸುರಪುರಗಳಿಗೆ ರೈಲೂ ಇಲ್ಲ. ಇಂಥಲ್ಲಿ ಎಂಟು ಜನ ಕೂರುವ ಒಂದು ಗಾಡಿ ಬಹಳ ಕೆಲಸ ಮಾಡಬಲ್ಲದು.

ಈಗ ಖರ್ಚಿಗೆ ಬರೋಣ. ರೋಗಿಯೊಬ್ಬರನ್ನು ಯಾದಗಿರಿಯಿಂದ ಕಲಬುರಗಿಗೆ ಕರೆದೊಯ್ದು ಬರಲು 160 ಕಿ.ಮೀ. ಎಂದು ಹಿಡಿಯಿರಿ. ಹಳೆಯ ಡೀಸೆಲ್ ಗಾಡಿ ಲೀಟರಿಗೆ 11 ಕಿ.ಮೀ. ಕೊಟ್ಟರೆ 14-15 ಲೀಟರ್ ಬೇಕು. ಲೀಟರಿಗೆ 90 ರೂಪಾಯಿಯಂತೆ ಸುಮಾರು 1,300 ರೂಪಾಯಿ. ಚಾಲಕರ ಸಂಬಳ, ಟೈರು, ಇನ್ಶೂರೆನ್ಸ್ ಬೇರೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹದಿನಾಲ್ಕು ವರ್ಷ ಓಡಿದ ಗಾಡಿಯನ್ನು ಹಾರ ಹಾಕಿ ಒಪ್ಪಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಬಿಲ್ಲು ಮರುವರ್ಷ ಕಾರ್ಯದರ್ಶಿಗಳ ಮೇಜಿಗೆ ಬರುತ್ತದೆ. ಆದ್ದರಿಂದ ಗಾಡಿಯ ಜೊತೆಗೆ ಕನಿಷ್ಠ ಒಂದು ವರ್ಷದ ಖರ್ಚನ್ನೂ ಕೊಡಿರಿ. ಅದಾಗದಿದ್ದರೆ ಗಾಡಿಯನ್ನು ಮಾರಿ ಹಣವನ್ನೇ ಕೊಡಿರಿ.

ಮಾರುವುದರಿಂದ ದಾನ ಸಣ್ಣದಾಗುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಮುಂಬಯಿಯ ಮಾಲಾಡಿನ ಶಾನವಾಜ್ ಶೇಖ್ ಅವರು ತಮ್ಮ ಫೋರ್ಡ್ ಎಂಡೆವರ್ ಗಾಡಿಯನ್ನು ಮೊದಲು ರೋಗಿಗಳಿಗಾಗಿ ಓಡಿಸಿದರು. ಆಮ್ಲಜನಕವೇ ಹೆಚ್ಚು ಬೇಕಾದಾಗ ಅದನ್ನು ಮಾರಿ ಸಿಲಿಂಡರ್ ಕೊಂಡರು. ಸುಮಾರು 160 ಎಂದು ಪತ್ರಿಕೆಗಳು ಬರೆದವು. ಜನರಿಗೆ ಆ ಹೊತ್ತಿಗೆ ಬೇಕಾದದ್ದು ಗಾಡಿಯಲ್ಲ ಎಂದು ಅವರು ಗುರುತಿಸಿದರು. ನನಗೆ ದೊಡ್ಡದಾಗಿ ಕಾಣುವುದು ಆ ಗುರುತಿಸುವಿಕೆ. ತೆರಿಗೆಯ ದೃಷ್ಟಿಯಿಂದಲೂ ಗಾಡಿಯನ್ನೇ ಕೊಟ್ಟರೆ ರಿಯಾಯಿತಿಯಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮಾನ್ಯತೆ ಪಡೆದ ಸಂಸ್ಥೆಗೆ ಹಣ ಕೊಟ್ಟರೆ ಮಾತ್ರ ಅದು ಸಿಗುತ್ತದೆ. 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಡಬಾರದು.

ಗಾಡಿಯನ್ನೇ ಕೊಡುತ್ತೀರಾದರೆ ಕೀಲಿಕೈ ಕೊಟ್ಟ ಮಾತ್ರಕ್ಕೆ ದಾನ ಪೂರ್ತಿಯಾಗುವುದಿಲ್ಲ. ಫಾರಂ 29, 30 ತುಂಬಿ ಆರ್.ಸಿ.ಯನ್ನು ಸಂಸ್ಥೆಯ ಹೆಸರಿಗೆ ಮಾಡಿಸಬೇಕು. ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35ರಿಂದ ತೆಗೆಸಬೇಕು. ಇನ್ಶೂರೆನ್ಸಿನ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. "ನಮ್ಮವರೇ ತಾನೆ, ಆಮೇಲೆ ಮಾಡಿಸೋಣ" ಎನ್ನುವವರು ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ ತೀರ್ಪನ್ನು ತಿಳಿದಿರಬೇಕು. ಒಂದು ಗಾಡಿ ಮಾರಾಟವಾಗಿ ಕೈಯಿಂದ ಕೈಗೆ ದಾಟಿದ ಮೇಲೆ ಅಪಘಾತವಾಗಿತ್ತು. ಆರ್.ಸಿ. ಮೊದಲಿನವರ ಹೆಸರಿನಲ್ಲೇ ಇದ್ದುದರಿಂದ ಪರಿಹಾರದ ಹೊಣೆಯೂ ಅವರದೇ ಆಯಿತು. ದಾನ ಕೊಟ್ಟವರೂ ಹೀಗೆ ಸಿಕ್ಕಿಬೀಳಬಹುದು. ನಮ್ಮ ಆರ್.ಟಿ.ಓ. ಕಚೇರಿ ಯಾದಗಿರಿಯಲ್ಲೇ ಇದೆ, ಒಂದು ದಿನ ಬಿಡುವು ಮಾಡಿಕೊಳ್ಳಿರಿ.

ಇನ್ನೊಂದು ಸೂಕ್ಷ್ಮ ವಿಷಯ. ತೀರಿಹೋದ ತಂದೆಯ ಗಾಡಿಯನ್ನು ಈಸಾಲೆ ಸವಾಬಿಗಾಗಿ ಕೊಡಲು ಕೆಲವರು ಬಯಸುತ್ತಾರೆ. ಹಿರಿಯ ಮಗನೊಬ್ಬ ತೀರ್ಮಾನಿಸಿದರೆ ಸಾಲದು. ತಾಯಿಗೆ ಪಾಲಿದೆ, ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಪಾಲಿದೆ. ಅವರನ್ನು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಅಪ್ರಾಪ್ತ ಮಕ್ಕಳ ಪಾಲನ್ನಂತೂ ಯಾರೂ ದಾನ ಮಾಡುವಂತಿಲ್ಲ. ಮೊದಲು ಫಾರಂ 31ರಿಂದ ವಾರಸುದಾರರ ಹೆಸರಿಗೆ ಬರಲಿ. ಸಂಸ್ಥೆಗೆ ಕೊಟ್ಟ ಗಾಡಿಯನ್ನು ಜಕಾತಿನ ಲೆಕ್ಕಕ್ಕೂ ಹಿಡಿಯಬೇಡಿ. ಹನಫಿ ಅಭಿಪ್ರಾಯದಲ್ಲಿ ಜಕಾತು ಬಡವರ ಸ್ವಂತ ಸ್ವತ್ತಾಗಬೇಕು. ಸಂದೇಹವಿದ್ದರೆ ಉಲಮಾಗಳನ್ನು ಕೇಳಿರಿ.

ಪಡೆಯುವ ಸಂಸ್ಥೆಗೂ ಎರಡು ಮಾತು. ಬಿಳಿ ನಂಬರ್ ಪ್ಲೇಟಿನ ಗಾಡಿಯಲ್ಲಿ ಮಕ್ಕಳಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಬಾಗಿಲ ಮೇಲೆ ಆಂಬುಲೆನ್ಸ್ ಎಂದು ಬರೆಸಿ ಸೈರನ್ ಹಾಕಿದರೆ ಅದು ಆಂಬುಲೆನ್ಸ್ ಆಗುವುದಿಲ್ಲ, ಅದಕ್ಕೆ ಬೇರೆ ನೋಂದಣಿಯಿದೆ. ಗಾಡಿ ಎಲ್ಲಿಗೆ, ಯಾರಿಗಾಗಿ, ಎಷ್ಟು ಕಿ.ಮೀ. ಓಡಿತೆಂದು ಪುಸ್ತಕದಲ್ಲಿ ಬರೆದಿಡಬೇಕು. ಪದಾಧಿಕಾರಿಗಳ ಮನೆಯ ಮದುವೆಗೆ ಓಡಿದ್ದರೆ ಅದನ್ನೂ ಬರೆದು, ಡೀಸೆಲ್ ಹಣ ಕಟ್ಟಿಸಿಕೊಳ್ಳಬೇಕು. ಈ ಪುಸ್ತಕ ಬರೆಯುವ ಕೆಲಸವನ್ನು ನಮ್ಮ ಕಾಮರ್ಸ್ ವಿದ್ಯಾರ್ಥಿಗಳೇ ವಹಿಸಿಕೊಳ್ಳಲಿ, ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಚ್ಚಲಿ.

ಗಾಡಿ ಕೊಡುವ ವಿಚಾರದಲ್ಲಿರುವವರು ಆರ್.ಸಿ., ಇನ್ಶೂರೆನ್ಸ್ ಪ್ರತಿಗಳನ್ನು ಮುಂದಿನ ಸಭೆಗೆ ತನ್ನಿರಿ, ಕೂತು ನೋಡೋಣ.