ಕೈಯಲ್ಲಿ ಪಾಠ ಹೇಳಿದ ಮೇಷ್ಟ್ರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರ್ ವಿಷಯವಾಗಿ ಹದಿನೈದು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಕಂಪ್ಯೂಟರ್ ಬಗ್ಗೆ ನನಗಿಂತ ಮುಂದೆ ಕೂತಿರುವ ಮಕ್ಕಳಿಗೇ ಹೆಚ್ಚು ಗೊತ್ತು. ಶಾಲೆಗೆ ಐವತ್ತು ತುಂಬಿದ ದಿನ ಮೇಷ್ಟ್ರುಗಳ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು. ಇವತ್ತು ಹೇಳುವುದು ಕಿವಿ ಕೇಳಿಸದ ಒಬ್ಬ ಮೇಷ್ಟ್ರ ವಿಷಯ. ಅದರ ಕೊನೆಗೆ ನಿಮ್ಮೆಲ್ಲರ ಹತ್ತಿರ ಒಂದು ಬೇಡಿಕೆಯೂ ಇದೆ.

ಮೊದಲು ಒಂದು ಮಾತು. 'ಕಿವುಡ' ಎಂಬ ಪದ ಬಳಸುತ್ತೇನೆ. ನಾವು ಬೈಯಲು ಬಳಸುವ ಅರ್ಥದಲ್ಲಿ ಅಲ್ಲ. ನನಗೆ ಪರಿಚಯವಿರುವ ಕಿವುಡರು ತಮ್ಮನ್ನು ತಾವು ಹಾಗೆಯೇ ಕರೆದುಕೊಳ್ಳುತ್ತಾರೆ, ಅದರಲ್ಲಿ ಅವರಿಗೆ ನಾಚಿಕೆಯಿಲ್ಲ.

ಆ ಮೇಷ್ಟ್ರ ಹೆಸರು ಲೋರಾನ್ ಕ್ಲೇರ್. 1785ರಲ್ಲಿ ಫ್ರಾನ್ಸ್ ದೇಶದ ಲಾ ಬಾಮ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಆ ಊರಿನ ಮುಖ್ಯಸ್ಥರು. ಒಂದು ವರ್ಷದ ಕೂಸಾಗಿದ್ದಾಗ ಬೆಂಕಿಗೆ ಬಿದ್ದು ಬಲಗೆನ್ನೆ ಸುಟ್ಟಿತು. ಕಿವಿ ಕೇಳಿಸದು ಎಂದು ಮನೆಯವರಿಗೆ ಆಮೇಲೆ ತಿಳಿಯಿತು. ಹನ್ನೆರಡು ವರ್ಷದವರೆಗೂ ಶಾಲೆಯ ಮುಖ ನೋಡಲಿಲ್ಲ. ಅಮ್ಮ ಸಾಕಿದ ಟರ್ಕಿ ಕೋಳಿಗಳನ್ನು ಮೇಯಲು ಹೊಡೆದುಕೊಂಡು ಹೋಗುವುದು, ಹಸು ಕಾಯುವುದು, ಅಪ್ಪನ ಕುದುರೆಗೆ ನೀರು ಕುಡಿಸುವುದು, ಇವೇ ತನ್ನ ಬಾಲ್ಯದ ಕೆಲಸಗಳಾಗಿದ್ದವು ಎಂದು ಮುಂದೆ ಅವರೇ ಬರೆದಿದ್ದಾರೆ. ಇದು ನಮಗೆ ಗೊತ್ತಿಲ್ಲದ ಬಾಲ್ಯವೇನಲ್ಲ.

1797ರಲ್ಲಿ ಅವರನ್ನು ಪ್ಯಾರಿಸ್‌ನ ಕಿವುಡರ ಶಾಲೆಗೆ ಸೇರಿಸಿದರು. ಅಲ್ಲಿ ಅವರಿಗೆ ಎರಡು ಬಗೆಯ ಮೇಷ್ಟ್ರು ಸಿಕ್ಕರು. ಒಬ್ಬರು ಬಾಯಿಂದಲೇ ಮಾತಾಡಿಸಬೇಕೆಂದು ಹಟ ಹಿಡಿದವರು. ಉಚ್ಚಾರ ಬಾರದ ಸಿಟ್ಟಿಗೆ ಒಂದು ದಿನ ಹುಡುಗನ ಗದ್ದಕ್ಕೆ ಗುದ್ದಿದರು, ನಾಲಿಗೆ ಹಲ್ಲಿಗೆ ಸಿಕ್ಕಿತು. ಇನ್ನು ಬಾಯಲ್ಲಿ ಮಾತಾಡುವುದೇ ಇಲ್ಲ ಎಂದು ಆ ಹುಡುಗ ತೀರ್ಮಾನಿಸಿದ. ಇನ್ನೊಬ್ಬರು ಝಾನ್ ಮಾಸ್ಯೂ, ತಾವೇ ಕಿವುಡರು. ಕೈಸನ್ನೆಯಲ್ಲಿ ಪಾಠ ಹೇಳಿದರು, ಓದು ಬರಹ ಕಲಿಸಿದರು. ಕ್ಲೇರ್ ಮುಂದೆ ಎರಡನೆಯವರ ಹಾಗೆ ಮೇಷ್ಟ್ರಾದರು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಥಾಮಸ್ ಗ್ಯಾಲೊಡೆಟ್ ಎಂಬ ಪಾದ್ರಿ, ಪಕ್ಕದ ಮನೆಯ ಕಿವುಡ ಹುಡುಗಿಗೆ ಪಾಠ ಹೇಳಲು ದಾರಿ ಹುಡುಕುತ್ತಾ ಯೂರೋಪಿಗೆ ಬಂದಿದ್ದರು. ಆ ಹುಡುಗಿ ಆಲಿಸ್ ಕಾಗ್ಸ್‌ವೆಲ್. ಗ್ಯಾಲೊಡೆಟ್ ಕ್ಲೇರ್ ಅವರನ್ನು ಅಮೆರಿಕಕ್ಕೆ ಕರೆದರು. 1816ರಲ್ಲಿ ಇಬ್ಬರೂ ಹಡಗು ಹತ್ತಿದರು. ಐವತ್ತೆರಡು ದಿನದ ಪ್ರಯಾಣ. ಆ ದಿನಗಳಲ್ಲಿ ಗ್ಯಾಲೊಡೆಟ್ ಕ್ಲೇರ್‌ಗೆ ಇಂಗ್ಲಿಷ್ ಕಲಿಸಿದರು, ಕ್ಲೇರ್ ಅವರಿಗೆ ಸಂಜ್ಞಾಭಾಷೆ ಕಲಿಸಿದರು. ಕ್ಲೇರ್ ಹಡಗಿನಲ್ಲೇ ಇಂಗ್ಲಿಷಿನಲ್ಲಿ ದಿನಚರಿ ಬರೆದರು. ಈ ಕೊಡುಕೊಳ್ಳುವಿಕೆಯನ್ನು ದಯವಿಟ್ಟು ನೆನಪಿಡಿ. ಒಬ್ಬರೇ ಕಲಿಯಲಿಲ್ಲ, ಇಬ್ಬರೂ ಕಲಿತರು.

1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಏಳು ಜನ ವಿದ್ಯಾರ್ಥಿಗಳು. ಕ್ಲೇರ್ ಅವರ ಕರಾರುಪತ್ರ ಇಂದಿಗೂ ಉಳಿದಿದೆ: ದಿನಕ್ಕೆ ಆರು ಗಂಟೆ ಪಾಠ, ಶನಿವಾರ ಮೂರು ಗಂಟೆ, ಭಾನುವಾರ ಮತ್ತು ಹಬ್ಬಗಳಂದು ರಜೆ. ಇಲ್ಲಿರುವ ಮೇಷ್ಟ್ರುಗಳಿಗೆ ಇದು ತಮ್ಮದೇ ವೇಳಾಪಟ್ಟಿಯಂತೆ ಕಾಣಬಹುದು. ಮೂರು ವರ್ಷಕ್ಕೆಂದು ಹೋದವರು 1858ರವರೆಗೆ, ನಲವತ್ತೊಂದು ವರ್ಷ, ಪಾಠ ಹೇಳಿದರು. ಮಕ್ಕಳಿಗೆ ಮಾತ್ರವಲ್ಲ. ಬೇರೆ ಊರುಗಳಲ್ಲಿ ಕಿವುಡರ ಶಾಲೆ ತೆರೆಯಲು ಹೊರಟ ಕಿವಿ ಕೇಳುವ ಮೇಷ್ಟ್ರುಗಳೂ ಸಂಜ್ಞಾಭಾಷೆ ಕಲಿಯಲು ಹಾರ್ಟ್‌ಫರ್ಡಿಗೇ ಬರುತ್ತಿದ್ದರು.

ಅವರು ಶಾಲೆಯೊಳಗೆ ಮಾತ್ರ ಬದುಕಿದವರಲ್ಲ. ಕೈಸನ್ನೆ ಗೊತ್ತಿಲ್ಲದ ಜನರ ನಡುವೆ ಸ್ಲೇಟು, ಕಾಗದ ಹಿಡಿದು ಬರೆದು ಮಾತಾಡುತ್ತಿದ್ದರು. 1818ರ ಮೇ ತಿಂಗಳಲ್ಲಿ ರಾಜ್ಯಪಾಲರ, ಶಾಸಕರ ಮುಂದೆ ಅವರ ಭಾಷಣವಿತ್ತು. ಅವರು ಬರೆದರು, ಗ್ಯಾಲೊಡೆಟ್ ಓದಿ ಹೇಳಿದರು. 1819ರಲ್ಲಿ ಅದೇ ಶಾಲೆಗೆ ಸೇರಿದ್ದ, ವಯಸ್ಸಿಗೆ ಬಂದಿದ್ದ ಎಲೈಜಾ ಬೋರ್ಡ್‌ಮನ್ ಅವರನ್ನು ಮದುವೆಯಾದರು. ಅವರೂ ಕಿವುಡರು. ಮಕ್ಕಳಿಗೆಲ್ಲ ಕಿವಿ ಕೇಳುತ್ತಿತ್ತು. 1864ರಲ್ಲಿ ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿ ಕಾಲೇಜು ಶುರುವಾದಾಗ, ಎಪ್ಪತ್ತೆಂಟರ ಮುದುಕ ಕ್ಲೇರ್ ಅಲ್ಲಿಗೂ ಹೋಗಿ ಮಾತಾಡಿದರು. ಹಸು ಕಾಯುತ್ತಿದ್ದ ಹುಡುಗ ಇಷ್ಟು ದೂರ ಬಂದಿದ್ದು ಬುದ್ಧಿಯಿಂದ, ಶ್ರಮದಿಂದ, ನಿಜ. ಆದರೆ ಸುತ್ತಲಿನ ಕೆಲವರಾದರೂ ಅವರ ಭಾಷೆ ಕಲಿತದ್ದೂ ಅಷ್ಟೇ ದೊಡ್ಡ ಕಾರಣ.

ಆ ಕಾರಣ ತಪ್ಪಿದಾಗ ಏನಾಯಿತು ನೋಡಿ. ಕ್ಲೇರ್ ತೀರಿಕೊಂಡದ್ದು 1869ರಲ್ಲಿ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ಸೇರಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಶಾಲೆಗಳಲ್ಲಿ ಬಾಯಿಮಾತೇ ಇರಬೇಕು, ಕೈಸನ್ನೆ ಕೂಡದು ಎಂದು ನಿರ್ಣಯವಾಯಿತು. ಬಾಯಿಮಾತಿನಲ್ಲಿ ಪಾಠ ಹೇಳಲು ಕಿವುಡ ಮೇಷ್ಟ್ರಿಗೆ ಹೇಗೆ ಸಾಧ್ಯ? ದೇಶದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಮಕ್ಕಳು ಕೈಕಟ್ಟಿ ಕೂತರು. ಆ ನಿರ್ಣಯದ ಬಗ್ಗೆ ಅಂಥದೇ ಸಮ್ಮೇಳನವೊಂದು ವಿಷಾದ ಸೂಚಿಸಿದ್ದು 2010ರಲ್ಲಿ, ನೂರಮೂವತ್ತು ವರ್ಷ ಕಳೆದ ಮೇಲೆ.

'ತುಟಿ ನೋಡಿ ತಿಳಿದುಕೊಳ್ಳಬಹುದಲ್ಲ' ಎಂದು ನಿಮಗೆ ಅನ್ನಿಸಬಹುದು. ಒಂದು ಪರೀಕ್ಷೆ ಮಾಡೋಣ. ಪಕ್ಕದವರ ಕಡೆ ತಿರುಗಿ, ದನಿ ಹೊರಡಿಸದೆ 'ಮಳೆ' ಎನ್ನಿ. ಈಗ ದನಿಯಿಲ್ಲದೆ 'ಬಳೆ' ಎನ್ನಿ. 'ಮರ' ಎನ್ನಿ, 'ಬರ' ಎನ್ನಿ. ಯಾವುದು ಯಾವುದೆಂದು ಪಕ್ಕದವರು ಹೇಳಲಿ. ಕಷ್ಟ, ಅಲ್ಲವೇ? ಮರಕ್ಕೂ ಬರಕ್ಕೂ ವ್ಯತ್ಯಾಸ ಕಾಣದ ತುಟಿಯನ್ನು ನೋಡುತ್ತಾ ವಿಜ್ಞಾನ, ಸಮಾಜ, ಗಣಿತ ಕಲಿಯಿರಿ ಎಂದು ನಾವು ಆ ಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ.

ಇದೆಲ್ಲ ಹಳೆಯ ಕಾಲದ್ದು, ದೂರದೇಶದ್ದು ಎನ್ನಬೇಡಿ. ನಮ್ಮ ತಂಡದಲ್ಲಿ ಒಬ್ಬ ಕಿವುಡ ಇಂಜಿನಿಯರ್ ಇದ್ದಾರೆ. ಅವರ ಹೆಂಡತಿಯೂ ಕಿವುಡರು, ಶಾಲೆಯೊಂದರಲ್ಲಿ ಶಿಕ್ಷಕಿ. ಕ್ಲೇರ್ ಕಥೆಯನ್ನು ನನಗೆ ಮೊದಲು ಹೇಳಿದವರು ಆ ಮೇಡಂ. ಅವರ ಒಂದು ದಿನ ಹೇಗಿರುತ್ತದೆ ಎಂದು ಕೇಳಿದ್ದೆ. ಬೆಳಿಗ್ಗೆ ಎಬ್ಬಿಸುವುದು ದಿಂಬಿನಡಿ ನಡುಗುವ ಫೋನು. ಮನೆಯ ಕರೆಗಂಟೆ ಒತ್ತಿದರೆ ದೀಪ ಮಿಣುಕುತ್ತದೆ. ತರಗತಿಯಲ್ಲಿ ಮಕ್ಕಳು ಅರ್ಧಚಂದ್ರಾಕಾರವಾಗಿ ಕೂರುತ್ತಾರೆ, ಎಲ್ಲರ ಕೈ ಎಲ್ಲರಿಗೂ ಕಾಣಬೇಕಲ್ಲ. ಗಮನ ಸೆಳೆಯಲು ಮೇಜು ತಟ್ಟಿ ಅದುರಿಸುತ್ತಾರೆ, ಇಲ್ಲವೇ ದೀಪ ಆರಿಸಿ ಹಚ್ಚುತ್ತಾರೆ. ಅವರು ಕೈಯಾಡಿಸುವಾಗ ಮಕ್ಕಳು ಬರೆಯುವಂತಿಲ್ಲ. ಕಣ್ಣು ಪುಸ್ತಕಕ್ಕೆ ಹೋದರೆ ಪಾಠ ತಪ್ಪಿಹೋಗುತ್ತದೆ. ಆದ್ದರಿಂದ ಮೊದಲು ಪಾಠ, ಆಮೇಲೆ ಬರವಣಿಗೆ. ಸಂಜೆ ಗೆಳತಿಯರ ಜೊತೆ ವಿಡಿಯೋ ಕಾಲ್‌ನಲ್ಲಿ ಹರಟೆ, ನಗು. ಗುಂಪು ಸೇರಿದರೆ ದೀಪದ ಬೆಳಕಿದ್ದಲ್ಲಿ ನಿಂತು ರಾತ್ರಿಯವರೆಗೂ ಮಾತು ಮುಗಿಯದು.

ಹಾಗಾದರೆ ಕಷ್ಟ ಎಲ್ಲಿ? ಮೇಡಂ ಹೇಳಿದ್ದು ಒಂದೇ: ಊಟದ ಬಿಡುವಿನಲ್ಲಿ. ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚುತ್ತಾರೆ. ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಏನಾಯಿತು ಎಂದು ಮೇಡಂ ಸನ್ನೆ ಮಾಡಿದರೆ, 'ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ' ಎಂಬ ಸನ್ನೆ ಬರುತ್ತದೆ. ಆ 'ಆಮೇಲೆ' ಬರುವುದಿಲ್ಲ. ಯಾರೂ ಕೆಟ್ಟವರಲ್ಲ. ಪಲ್ಯ ಹಂಚಿಕೊಳ್ಳುತ್ತಾರೆ, ಕಾಯಿಲೆಯಾದರೆ ನೋಡಲು ಬರುತ್ತಾರೆ. ಆದರೆ ಮಾತು ಮಾತ್ರ ಸಿಗುವುದಿಲ್ಲ. ಮಾತನ್ನು ಅಕ್ಷರಕ್ಕೆ ಇಳಿಸುವ ಆ್ಯಪ್‌ಗಳು ಬಂದಿವೆ, ನಾನು ಅಂಥ ಕೆಲಸ ಬಲ್ಲವನೇ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕೋಣೆಯಲ್ಲಿ ಅವು ತಡವರಿಸುತ್ತವೆ. ಪಕ್ಕದಲ್ಲಿ ಕೂತವರು ಇಪ್ಪತ್ತು ಸನ್ನೆ ಕಲಿತರೆ ಆಗುವ ಉಪಕಾರ ಆ್ಯಪ್‌ನಿಂದ ಆಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇದು ಸ್ವಲ್ಪ ಅರ್ಥವಾದೀತು. ಪಿಯುಸಿಗೋ ಇಂಜಿನಿಯರಿಂಗಿಗೋ ಹೋದ ಮೊದಲ ವರ್ಷ, ಉತ್ತರ ಗೊತ್ತಿದ್ದೂ ಇಂಗ್ಲಿಷಿಗೆ ಹೆದರಿ ಸುಮ್ಮನೆ ಕೂತವರು ನಮ್ಮಲ್ಲಿ ಎಷ್ಟೋ ಜನ. ನಾವು ದಡ್ಡರಾಗಿರಲಿಲ್ಲ, ಕೋಣೆಯ ಭಾಷೆ ಬೇರೆಯಾಗಿತ್ತು. ಆದರೆ ಒಂದು ವ್ಯತ್ಯಾಸವಿದೆ. ನಾವು ಕೇಳಿ ಕೇಳಿ ಇಂಗ್ಲಿಷ್ ಕಲಿತೆವು. ಕಿವುಡರು ಎಷ್ಟು ವರ್ಷ ಕೂತರೂ ಕೇಳಿ ಕಲಿಯಲಾರರು. ಹಾಗಾಗಿ ಇಲ್ಲಿ ಹೆಜ್ಜೆ ಇಡಬೇಕಾದವರು ಕಿವಿ ಇರುವ ನಾವು.

ಅದು ನಾವಂದುಕೊಂಡಷ್ಟು ಕಷ್ಟವಲ್ಲ. ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನೆಯ ಪದ ಕೊನೆಗೆ ಬರುತ್ತದೆ: 'ನಿನ್ನ ಹೆಸರು ಏನು.' ನಮ್ಮ ಕನ್ನಡದ ಹಾಗೆಯೇ! 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಭಾರತೀಯ ಸಂಜ್ಞಾಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2021ರ ಹೊತ್ತಿಗೆ ಅದರ ನಿಘಂಟಿನಲ್ಲಿ ಹತ್ತು ಸಾವಿರ ಪದಗಳು ಸೇರಿದವು, ವಿಡಿಯೋ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಈ ಭಾಷೆಯನ್ನು ಕಲಿಸಲು ಕಿವುಡರಿಗೇ ಡಿಪ್ಲೊಮಾ ತರಬೇತಿ ಕೊಡುತ್ತಿದ್ದಾರೆ. ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚು. ಅಲ್ಲಿ ಅವರದೇ ಒಂದು ಸಂಜ್ಞಾಭಾಷೆ ಬೆಳೆದಿದೆ. ಕಿವಿ ಕೇಳುವವರಲ್ಲೂ ಅನೇಕರು ಅದನ್ನು ಬಲ್ಲರು. ಭಾಷಾ ವಿದ್ವಾಂಸರು ಅದನ್ನು ಅಧ್ಯಯನ ಮಾಡಿದ್ದಾರೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಸುತ್ತಲಿನ ಹಳ್ಳಿಗಳಲ್ಲಿ ಕಿವುಡರಿಲ್ಲವೇ? ಇದ್ದಾರೆ. ನಾವು ಅವರನ್ನು 'ಮೂಗ', 'ಮೂಗಿ' ಎನ್ನುತ್ತೇವೆ. ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿರುತ್ತದೆ. ಕಿವುಡರ ಸಮಾಜದಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಕ್ಲೇರ್ ಅವರ ಹೆಸರು ಎಂದರೆ ಎರಡು ಬೆರಳಿನಿಂದ ಕೆನ್ನೆ ಸವರುವುದು, ಆ ಸುಟ್ಟ ಗಾಯದ ಗುರುತು. ಅದನ್ನು ಅವರಿಗೆ ಕೊಟ್ಟದ್ದು ಶಾಲೆಯ ಗೆಳೆಯರು. ಇಬ್ಬರೂ ದೇಹದ ಗುರುತಿನಿಂದಲೇ ಕರೆದರು. ಗೆಳೆಯರು ಕೊಟ್ಟ ಹೆಸರು ಅವರನ್ನು ಹತ್ತಿರ ಕರೆಯಿತು, ನಾವು ಕೊಟ್ಟ ಹೆಸರು ಬಾಗಿಲ ಹೊರಗೆ ನಿಲ್ಲಿಸಿತು.

ಈ ಭಾಷಣಕ್ಕಾಗಿ ನಮ್ಮ ಹಿರಿಯ ಮೇಷ್ಟ್ರುಗಳಿಗೆಲ್ಲ ಫೋನ್ ಮಾಡಿ ಕೇಳಿದೆ: ಈ ಐವತ್ತು ವರ್ಷದಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬ ಕಿವುಡ ವಿದ್ಯಾರ್ಥಿ ನೆನಪಿದ್ದಾರೆಯೇ? ಯಾರಿಗೂ ನೆನಪಾಗಲಿಲ್ಲ. ಇದಕ್ಕೆ ಯಾರನ್ನೂ ದೂರುವುದಿಲ್ಲ. ಆ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಕೊನೆಯ ಬೆಂಚಿನಲ್ಲಿ ಎರಡು ಮೂರು ವರ್ಷ ಕೂತು, ಏನೂ ತಿಳಿಯದೆ, ಕುರಿಯ ಹಿಂದೆಯೋ ಮನೆಗೆಲಸಕ್ಕೋ ಹೋಗಿಬಿಡುತ್ತಾರೆ. ಈ ಶಾಲೆಯ ಗೇಟಿನವರೆಗೆ ಅವರು ಬರುವುದೇ ಇಲ್ಲ.

ಕಾನೂನು ಬದಲಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲು, ಅದರಲ್ಲಿ ಶೇಕಡಾ 1 ಕಿವುಡರಿಗೂ ಮಂದಶ್ರವಣದವರಿಗೂ. ನಾಳೆ ಒಬ್ಬ ಕಿವುಡ ಶಿಕ್ಷಕರು ಈ ಶಾಲೆಗೇ ವರ್ಗವಾಗಿ ಬರಬಹುದು. ಆಗ ನಮ್ಮ ಸಿಬ್ಬಂದಿ ಕೋಣೆಯಲ್ಲಿ ಊಟದ ಬಿಡುವು ಹೇಗಿರುತ್ತದೆ?

ಇನ್ನು ನನ್ನ ಬೇಡಿಕೆ. ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ. ತರಬೇತಿ ಪಡೆದ ಒಬ್ಬ ಕಿವುಡ ಶಿಕ್ಷಕರು ಪ್ರತಿ ಶನಿವಾರ ಇಲ್ಲಿಗೆ ಬಂದು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೂ ಆಸಕ್ತಿ ಇರುವ ಮೇಷ್ಟ್ರುಗಳಿಗೂ ಸಂಜ್ಞಾಭಾಷೆ ಕಲಿಸಲಿ. ಒಂದು ವರ್ಷದ ಗೌರವಧನ, ಬಸ್ ಖರ್ಚು ನಮ್ಮದು. ಮುಖ್ಯೋಪಾಧ್ಯಾಯರು ಮತ್ತು ಸಮಿತಿಯವರು ಒಂದು ಪಿರಿಯಡ್ ಬಿಟ್ಟುಕೊಡಬೇಕು. ಗ್ರಾಮಸ್ಥರು ಮಾಡಬೇಕಾದದ್ದು ಇನ್ನೊಂದಿದೆ. ನಿಮ್ಮ ಬೀದಿಯಲ್ಲಿ ಕಿವಿ ಕೇಳದ ಮಗುವಿದ್ದರೆ ಅದರ ಹೆಸರನ್ನು, ನಿಜವಾದ ಹೆಸರನ್ನು, ಶಾಲೆಗೆ ತಿಳಿಸಿ. ಶನಿವಾರ ಆ ಮಗುವನ್ನೂ ತಂದೆತಾಯಿಯನ್ನೂ ಕರೆತನ್ನಿ. ತನ್ನ ಹಾಗೆಯೇ ಇರುವ ಒಬ್ಬರು ಕರಿಹಲಗೆಯ ಮುಂದೆ ನಿಂತಿರುವುದನ್ನು ಆ ಮಗು ಒಮ್ಮೆ ನೋಡಲಿ.

ಶಾಲೆಯ ಈ ಐವತ್ತು ವರ್ಷಗಳಿಗೆ, ನಮಗೆ ಅಕ್ಷರ ಕಲಿಸಿದ ಎಲ್ಲ ಗುರುಗಳಿಗೆ ಮತ್ತೊಮ್ಮೆ ನಮಸ್ಕರಿಸುತ್ತೇನೆ. ಕಿವುಡರು ಚಪ್ಪಾಳೆ ತಟ್ಟುವುದಿಲ್ಲ. ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಆಡಿಸುತ್ತಾರೆ. ನಮ್ಮ ಗುರುಗಳಿಗಾಗಿ ಎಲ್ಲರೂ ಒಮ್ಮೆ ಹಾಗೆ ಮಾಡಿ ನೋಡೋಣ.