ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಮುಂದೇನು?

(ಜುಮಾ ಖುತ್ಬಾದ ಸಾರಾಂಶ)



ಈ ಮಸೀದಿಯ ಸಫ್‌ಗಳಲ್ಲಿ ವೆಲ್ಡಿಂಗ್ ಶಾಪ್ ನಡೆಸುವವರಿದ್ದಾರೆ, ಲೇತ್ ಕೆಲಸದವರಿದ್ದಾರೆ, ಕಟ್ಟಡಗಳಲ್ಲಿ ಕಂಬಿ ಕಟ್ಟುವವರಿದ್ದಾರೆ, ಗಲ್ಫ್‌ನಲ್ಲಿ ಫ್ಯಾಬ್ರಿಕೇಟರ್ ಆಗಿದ್ದು ರಜೆಗೆ ಬಂದವರೂ ಇದ್ದಾರೆ. ಇವರಲ್ಲಿ ಹಲವರು ಈಚೆಗೆ ಕೇಳುವ ಪ್ರಶ್ನೆ ಒಂದೇ: "ಉಸ್ತಾದರೇ, ಇನ್ನು ಎಲ್ಲವನ್ನೂ ಮಿಷನ್ನೇ ಮಾಡುತ್ತದಂತೆ. ಮಗನನ್ನು ಈ ಕೆಲಸಕ್ಕೆ ಹಾಕಲೋ ಬೇಡವೋ?" ತಂದೆಯೊಬ್ಬನ ಕಳವಳ ಅದರಲ್ಲಿದೆ. ಹಾಗಾಗಿ ಇಂದು ಅದನ್ನೇ ಎತ್ತಿಕೊಂಡಿದ್ದೇನೆ.

ಪವಿತ್ರ ಕುರ್‌ಆನಿನ 57ನೇ ಸೂರಾದ ಹೆಸರೇ ಕಬ್ಬಿಣ, ಅಲ್ ಹದೀದ್. ಹ. ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ವಿಷಯ ಸೂರಾ ಸಬಾದಲ್ಲಿ ಬರುತ್ತದೆ. ನಾವು ಆ ಮೆದುಗೊಳಿಸಿದ ವಿಷಯವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಆದೇಶವಿದೆ: ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕು. ಕಬ್ಬಿಣ ಮೇಣದಂತೆ ಬಗ್ಗಿದರೂ ಅಳತೆಯ ಹೊಣೆಯನ್ನು ಅಲ್ಲಾಹನು ಪ್ರವಾದಿಯ ಕೈಯಿಂದ ತೆಗೆಯಲಿಲ್ಲ. ಇಂದು ಮಿಷನ್ನು ನಮಗಾಗಿ ಕಬ್ಬಿಣವನ್ನು ಬಗ್ಗಿಸುತ್ತದೆ, ಕತ್ತರಿಸುತ್ತದೆ, ಬೆಸೆಯುತ್ತದೆ. ಅಳತೆ ಯಾರ ಕೈಯಲ್ಲಿದೆ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಈ ಕಸುಬನ್ನು ಕೀಳಾಗಿ ಕಾಣುವವರಿಗೂ ಒಂದು ಮಾತು. ಪ್ರವಾದಿ(ಸ)ರ ಮಗು ಇಬ್ರಾಹೀಮ್ ಹಾಲುಂಡು ಬೆಳೆದದ್ದು ಮದೀನಾದ ಕಮ್ಮಾರ ಅಬೂ ಸೈಫ್(ರ)ರ ಮನೆಯಲ್ಲಿ. ಪ್ರವಾದಿ(ಸ) ಮಗುವನ್ನು ನೋಡಲು ಬರುವಾಗ ಮನೆಯೆಲ್ಲ ಹೊಗೆ. ಅನಸ್(ರ) ಮುಂದೆ ಓಡಿಹೋಗಿ, ಪ್ರವಾದಿಯವರು ಬರುತ್ತಿದ್ದಾರೆ, ತಿದಿ ನಿಲ್ಲಿಸಿ ಎಂದು ಹೇಳಬೇಕಾಗಿತ್ತು. ಆ ಹೊಗೆಯ ಮನೆಯೊಳಗೇ ಬಂದು ಮಗುವನ್ನು ಎತ್ತಿ ಮುದ್ದಿಸಿದರು ಅಲ್ಲಾಹನ ಪ್ರವಾದಿ. ಹೆಣ್ಣು ಕೊಡುವಾಗ 'ಹುಡುಗ ಬರೀ ವೆಲ್ಡರ್' ಎನ್ನುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ಮಿಷನ್ ವಿಚಾರ. ಮೊದಲ ಕೈಗಾರಿಕಾ ರೋಬೋಟ್ ಕೆಲಸಕ್ಕೆ ನಿಂತದ್ದು 1961ರಲ್ಲಿ, ಅಮೆರಿಕದ ಕಾರು ಕಂಪೆನಿಯೊಂದರ ಎರಕದ ಕಾರ್ಖಾನೆಯಲ್ಲಿ. ಅಚ್ಚಿನಿಂದ ಸುಡುವ ಭಾಗಗಳನ್ನು ಎತ್ತಿ ಆಚೆಯಿಡುವುದು ಅದರ ಕೆಲಸ. ಮನುಷ್ಯನ ಕೈ ಸುಡುತ್ತಿದ್ದ ಆ ಕೆಲಸ ಹೋಯಿತೆಂದು ಅಳಬೇಕಾಗಿಲ್ಲ. ನಮ್ಮಲ್ಲೂ ನೋಡಿ, ಪಿಲ್ಲರ್‌ಗೆ ಹಾಕುವ ರಿಂಗನ್ನು ಮೊದಲು ಕೆಲಸದ ಜಾಗದಲ್ಲೇ ಹಲಗೆಗೆ ಮೊಳೆ ಹೊಡೆದು ಒಂದೊಂದಾಗಿ ಬಗ್ಗಿಸುತ್ತಿದ್ದರು. ಈಗ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಗೇಟಿನ ಹೂಬಳ್ಳಿಯನ್ನು ಸಿಎನ್‌ಸಿ ಮಿಷನ್ನು ತಗಡಿನಲ್ಲಿ ಕತ್ತರಿಸಿ ಕೊಡುತ್ತದೆ. ಅಮೆರಿಕದ ಸೇತುವೆಗಳ ಮೇಲೆ ಕಂಬಿಗಳ ಗಂಟನ್ನು ಬೈಂಡಿಂಗ್ ವೈರಿನಿಂದ ಕಟ್ಟುವ ರೋಬೋಟೂ ಬಂದಿದೆ, ಹೆಸರು ಟೈಬಾಟ್.

ಆದರೆ ಆ ಟೈಬಾಟ್ ಗಂಟು ಕಟ್ಟಬೇಕಾದರೆ ಕಂಬಿಗಳನ್ನು ನಕ್ಷೆಯಂತೆ ಮೊದಲೇ ಹಾಸಿರಬೇಕು. ಹಾಸುವವನು ಮನುಷ್ಯ. ವೆಲ್ಡಿಂಗ್ ರೋಬೋಟ್ ಕಲಿಸಿದ ದಾರಿಯಲ್ಲಿ ದಿನಕ್ಕೆ ಸಾವಿರ ಸಲ ಹೋಗಬಲ್ಲದು. ಎರಡು ತುಂಡುಗಳ ನಡುವಿನ ಸಂದು ಹೆಚ್ಚುಕಡಿಮೆಯಾದರೆ ಬೆಸುಗೆ ಕೆಡುತ್ತದೆ. ಹಳೆಯ ಮನೆಯ ವಕ್ರ ಗೋಡೆಗೆ ಮೆಟ್ಟಿಲ ರೇಲಿಂಗ್ ಕೂರಿಸುವುದು, ಮಳೆಗಾಲದಲ್ಲಿ ಮುರಿದ ಟ್ರಾಲಿಯನ್ನು ಗದ್ದೆಯ ಬದುವಿನಲ್ಲೇ ರಿಪೇರಿ ಮಾಡುವುದು, ಇಂಥವು ಸುಲಭಕ್ಕೆ ಅದರ ಪಾಲಿಗೆ ಹೋಗುವುದಿಲ್ಲ. ಹೋಗುವುದು ಒಂದೇ ಕೆಲಸವನ್ನು ಒಂದೇ ರೀತಿ ಮಾಡಿ ಸಂಬಳ ಎಣಿಸುವವನ ಕೆಲಸ. ಇದು ಕಹಿ, ಆದರೆ ಮಿಂಬರಿನಲ್ಲಿ ನಿಂತು ಸಿಹಿ ಮಾಡಿ ಹೇಳಲಾರೆ.

ನಮ್ಮ ನಾಡಿನದೇ ಒಂದು ಎಚ್ಚರಿಕೆಯಿದೆ. ದಕ್ಷಿಣ ಭಾರತದ ಉಕ್ಕು ಒಂದು ಕಾಲಕ್ಕೆ ಅರಬ್ ನಾಡುಗಳಿಗೆ ಹೋಗಿ ಹೆಸರಾಂತ ಡಮಾಸ್ಕಸ್ ಖಡ್ಗಗಳಾಯಿತು. ಇಂಗ್ಲಿಷಿನ 'ವೂಟ್ಸ್' ಎಂಬ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂತೆಂದು ವಿದ್ವಾಂಸರು ಹೇಳುತ್ತಾರೆ. ವಿಜ್ಞಾನಿ ಮೈಕೆಲ್ ಫ್ಯಾರಡೆ ಅದರ ಗುಟ್ಟು ಹುಡುಕಲು ಪ್ರಯೋಗ ನಡೆಸಿದ್ದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಆ ವಿದ್ಯೆ ಬಹುತೇಕ ಅಳಿಯಿತು. ಕಾರ್ಖಾನೆಯ ಅಗ್ಗದ ಉಕ್ಕು ಬಂದದ್ದು ಒಂದು ಕಾರಣ. ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ಇಳಿಯದೆ ಇದ್ದದ್ದು ಇನ್ನೊಂದು. ನಮ್ಮ ಮೇಸ್ತ್ರಿಗಳ ಸ್ಥಿತಿ ಇಂದೂ ಅದೇ ಅಲ್ಲವೇ? ಮೂವತ್ತು ವರ್ಷದ ಅನುಭವವಿದೆ, ಆದರೆ ಡ್ರಾಯಿಂಗ್ ಓದಲು ಬರುವುದಿಲ್ಲ, ಒಂದು ಸರ್ಟಿಫಿಕೇಟಿಲ್ಲ.

ಆದ್ದರಿಂದ ತಂದೆಯಂದಿರೇ, ಮಗನನ್ನು ಈ ಕೆಲಸಕ್ಕೆ ಹಾಕಿ, ಆದರೆ ಕಲಿಸಿ ಹಾಕಿ. ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷ, ಫಿಟ್ಟರ್ ಎರಡು ವರ್ಷ. ನಮ್ಮ ರಾಜ್ಯದ 150 ಸರಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಗಿದೆ. ಸಿಎನ್‌ಸಿ, ರೋಬೋಟ್ ಕೆಲಸವನ್ನೂ ಅಲ್ಲಿ ಕಲಿಸುತ್ತಾರೆ. ಜಿಟಿಟಿಸಿ ಕೇಂದ್ರಗಳಿವೆ. ಗಲ್ಫ್‌ಗೆ ಹೋಗುವ ಆಸೆಯಿದ್ದರೆ, ಪೈಪನ್ನು 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿ, ತಿರುಗಿಸದೆ ಸುತ್ತಲೂ ಬೆಸೆಯುವ 6ಜಿ ಪರೀಕ್ಷೆ ಪಾಸಾಗಿ ಹೋಗಲಿ. ಏಜೆಂಟನಿಗೆ ಕೊಡುವ ಹಣಕ್ಕಿಂತ ಆ ಅಭ್ಯಾಸಕ್ಕೆ ಹಾಕಿದ ಹಣ ಮಗನನ್ನು ಹೆಚ್ಚು ದಿನ ಸಾಕುತ್ತದೆ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಹೆಣ್ಣುಮಕ್ಕಳೂ ಸಲ್ಲುತ್ತಾರೆ, ಅವರನ್ನು ಲೆಕ್ಕದಿಂದ ಬಿಡಬೇಡಿ. ಕಮ್ಮಾರಿಕೆಯಲ್ಲೇ ಇರುವವರಿಗೆ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯೂ ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವೂ ಇವೆ. ಅದರ ಸಾಲಕ್ಕೆ ಬಡ್ಡಿಯಿದೆ, ಅದನ್ನು ಬಿಟ್ಟು ಉಳಿದದ್ದನ್ನು ಪಡೆಯಿರಿ.

ಶಾಪ್ ಮಾಲಕರಿಗೆ ನನ್ನ ಮಾತು ಸ್ವಲ್ಪ ಖಾರವಾದೀತು. ಮಕ್ಕಾದಲ್ಲಿ ಖಬ್ಬಾಬ್(ರ) ಕಮ್ಮಾರರಾಗಿದ್ದರು. ಮಾಡಿಸಿಕೊಂಡ ಕೆಲಸದ ಹಣ ಕೇಳಿದಾಗ ಆಸ್ ಬಿನ್ ವಾಇಲ್ ಅವರನ್ನು ಗೇಲಿ ಮಾಡಿದ. ಆ ಸಂದರ್ಭದಲ್ಲಿ ಸೂರಾ ಮರ್ಯಮ್‌ನ ವಚನಗಳು ಅವತೀರ್ಣವಾದವು. ಕಮ್ಮಾರನ ಬಾಕಿ ಕೂಲಿ ಅಲ್ಲಾಹನ ಬಳಿ ಅಷ್ಟು ದೊಡ್ಡ ವಿಷಯ. ನೀವು ಮಿಷನ್ ತರುವುದು ಹಲಾಲ್, ಅದರಲ್ಲಿ ತಪ್ಪಿಲ್ಲ. ಆದರೆ ಹತ್ತು ವರ್ಷ ನಿಮ್ಮ ಶೆಡ್ಡಿನಲ್ಲಿ ಹೊಗೆ ಕುಡಿದವನನ್ನು ಆ ಮಿಷನ್ನಿನ ಮುಂದೆ ನಿಲ್ಲಿಸಿ ಕಲಿಸಲು ಆಗದೇ? ಹೊಗೆ ಎಂದಾಗ ಅದನ್ನೂ ಹೇಳಬೇಕು: ವೆಲ್ಡಿಂಗ್ ಹೊಗೆ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ತೀರ್ಮಾನಿಸಿದೆ. ಕಣ್ಣಿಗೆ ಗಾಜು, ಮೂಗಿಗೆ ಸರಿಯಾದ ಮಾಸ್ಕ್, ಶೆಡ್ಡಿಗೆ ಗಾಳಿ, ಇವು ಕೆಲಸಗಾರನ ಹಕ್ಕು. ಹದಿನಾಲ್ಕು ತುಂಬದ ಹುಡುಗನನ್ನು 'ಕಲಿಯಲಿ' ಎಂದು ಕರೆತಂದು ಗ್ರೈಂಡರ್ ಹಿಡಿಸುವುದನ್ನು ಇಂದಿಗೇ ನಿಲ್ಲಿಸಿ.

ಜಮಾಅತ್ ಸಮಿತಿಯವರೂ ಇಲ್ಲಿದ್ದೀರಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ, ಐಟಿಐ ಅರ್ಜಿ ತುಂಬಿಸಲು ತಿಳಿದ ಇಬ್ಬರು ಯುವಕರನ್ನು ಅಸರ್ ಬಳಿಕ ಮದ್ರಸದಲ್ಲಿ ಕೂರಿಸಿ. ಶುಲ್ಕ ಕಟ್ಟಲಾಗದವರ ಪಟ್ಟಿಯನ್ನು ಯಾರಿಗೂ ತೋರಿಸದೆ ನನಗೆ ಕೊಡಿ. ಪಾಸಾದವರನ್ನು ಮಾತ್ರವಲ್ಲ, ಫೇಲಾಗಿ ಮನೆಯಲ್ಲಿ ಮುಖ ಮುಚ್ಚಿಕೊಂಡು ಕುಳಿತ ಹುಡುಗರನ್ನೂ ಕೈಹಿಡಿದು ಕರೆತನ್ನಿ. ವೆಲ್ಡರ್ ಟ್ರೇಡಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು.